ಒಗುಟುವಿನ ಹೆಸರು

ಮೆಲ್ಲ ಮಾತಾಡಿ, ಮಕ್ಕಳು ಮಲಗಿದ್ದಾರೆ. ಇದು ದುಬಾಯಲ್ಲಿ ನನ್ನ ದೊಡ್ಡಮ್ಮನ ಮಗ ಡಿಕ್ಸನಿಗೆ ಆದದ್ದು.

ಓವರ್‌ಟೈಮ್ ಮುಗಿಸಿ ಮಿರ್ದಿಫಲ್ಲಿ ಬಸ್ಸಿಳಿದಿದ್ದ. ಮನೆಗೆ ನಡೆಯುವ ದಾರಿಯಲ್ಲಿ ಖಾಲಿ ಮರಳು ಜಾಗ, ನಡುವೆ ಒಂದು ಗಾಫ್ ಮರ. ಹತ್ತಿರ ಬರುವಾಗ... ಟಿಕ್... ಟಿಕ್... ಉಳಿ ಕಲ್ಲಿಗೆ ತಾಗುವ ಸದ್ದು. ಡಿಕ್ಸನಿಗೆ ಆ ಸದ್ದು ಗೊತ್ತಿಲ್ಲದ್ದಾ? ಕಲ್ಲು ಕೆತ್ತುವ ವರ್ಕ್‌ಶಾಪಲ್ಲಿ ಅವನದ್ದು ಅದೇ ಕೆಲಸ.

ಆಗ ಕೆತ್ತುತ್ತಿದ್ದದ್ದು ಯಾವುದೋ ಹೊರದೇಶದ ಯುದ್ಧ ಸ್ಮಾರಕ. ನೂರು ವರ್ಷದ ಹಿಂದೆ ಆಫ್ರಿಕಾದಲ್ಲಿ ಸತ್ತವರದ್ದು. ಬಿಳಿ ಸೈನಿಕರದ್ದು ಒಬ್ಬೊಬ್ಬರ ಹೆಸರು. ಕರಿ ಸೈನಿಕರಿಗೆಲ್ಲ ಸೇರಿ ಅಡಿಯಲ್ಲಿ ಒಂದೇ ಸಾಲು, ‘ಮತ್ತು ಸ್ಥಳೀಯರು’. ಸಾಯುವಾಗ ಒಟ್ಟಿಗೆ ಬೇಕಿತ್ತು, ಹೆಸರು ಮಾತ್ರ ಬೇಡ! ನನಗೆ ಈಗಲೂ ಮೈ ಉರಿಯುತ್ತದೆ.

ವರ್ಕ್‌ಶಾಪಿನ ವಾಚ್‌ಮನ್ ಒಟಿಯೆನೊ, ಕೀನ್ಯಾದವ. ಅವನ ಮುತ್ತಜ್ಜ ಒಗುಟು ಅದೇ ಯುದ್ಧದಲ್ಲಿ ಸತ್ತವನು. ಗೋರಿಯೂ ಇಲ್ಲ. “ನಾನು ಕೆತ್ತುತ್ತೇನೆ ಬ್ರದರ್” ಅಂತ ಡಿಕ್ಸನ್ ಮಾತು ಕೊಟ್ಟ. ಆ ಸ್ಮಾರಕದ ಕಲ್ಲಲ್ಲೇ ಕೆತ್ತಿದ ಕೂಡ. ನಮ್ಮಲ್ಲಿ ರಾತ್ರಿ ತೇರ್ಸ, ಅಂದರೆ ಜಪಮಾಲೆಯ ಪ್ರಾರ್ಥನೆ, ಮುಗಿದ ಮೇಲೆ ಮನೆಯ ಸತ್ತವರ ಹೆಸರು ಹೇಳಿ ಪ್ರಾರ್ಥಿಸುವುದುಂಟಲ್ಲ, ಅಲ್ಲಿಯೂ ಒಗುಟುವಿನ ಹೆಸರು ಸೇರಿಸಿದ. ಹೆಂಡತಿ ಲವಿನಾ ಹೆದರಿದಳು.

“ನಮ್ಮದಲ್ಲದ ಆತ್ಮವನ್ನು ಕರೀಬೇಡಿ ಮಾರಾಯ್ರೆ. ಬಂದ್ರೆ?”

ಕಲ್ಲನ್ನು ಸೂಪರ್‌ವೈಸರ್ ನೆಲ್ಸನ್ ನೋಡಿಬಿಟ್ಟ. ನಮ್ಮ ಊರಿನವನೇ. “ಡ್ರಾಯಿಂಗಲ್ಲಿ ಇಲ್ಲದ್ದು ಕಲ್ಲಲ್ಲಿ ಯಾಕೆ? ಮುಚ್ಚು. ಇಲ್ಲದಿದ್ರೆ ನಿನ್ನ ವೀಸಾ ಖಲಾಸ್.”

ಡಿಕ್ಸನ್ ಅಂಟಿಗೆ ಕಲ್ಲಿನ ಹುಡಿ ಕಲಸಿ ಹೆಸರಿಗೆ ತುಂಬಿದ. ಉಜ್ಜಿ ನುಣ್ಣಗೆ ಮಾಡಿದ. ಹೊರಗೆ ಬರುವಾಗ ಗೇಟಿನಲ್ಲಿ ಒಟಿಯೆನೊ ಕೇಳಿದ, “ಹೆಸರು ಉಂಟಲ್ಲ?”

“ಉಂಟು” ಅಂದ.

ಆ ಪಾಪದವ ಇವನ ಎರಡೂ ಕೈ ಹಿಡಿದು ಅತ್ತುಬಿಟ್ಟ.

ಅವತ್ತೇ ರಾತ್ರಿ ಇದು... ಟಿಕ್... ಟಿಕ್...

ಮರದ ಬುಡದಲ್ಲಿ ಒಬ್ಬ ಕೂತಿದ್ದ. ಖಾಕಿ ಅಂಗಿ, ಬರಿಗಾಲು. ತಲೆ ಎತ್ತಲಿಲ್ಲ. ಪಿಸುದನಿಯಲ್ಲಿ, ನಮ್ಮ ಮನೆಮಾತು ಅಚ್ಚ ಕೊಂಕಣಿಯಲ್ಲಿ ಕೇಳಿದ... “ಕರೆದವ ನೀನೇ ಅಲ್ವಾ?”

ಡಿಕ್ಸನ್ ಒಂದು ಹೆಜ್ಜೆ ಹಿಂದೆ ಸರಿದ.

“ಅವರು ಬರೆಯಲೇ ಇಲ್ಲ. ನೀನು... ಬರೆದು ಅಳಿಸಿದೆಯಲ್ಲ.”

ಸರ್ರ್... ಅಂತ ಮರಳು ಜಾರಿದ ಸದ್ದು. ಮತ್ತೆ ನೋಡಿದರೆ ಯಾರೂ ಇಲ್ಲ.

ಅವನಿಗೆ ಕೊಂಕಣಿ ಹೇಗೆ ಬಂತು ಅಂತ ನನ್ನನ್ನು ಕೇಳಬೇಡಿ. ಇವರು ಜಪದಲ್ಲಿ ಅವನನ್ನು ಕರೆದದ್ದು ಆ ಭಾಷೆಯಲ್ಲಿ, ಅಷ್ಟೇ ನನಗೆ ಗೊತ್ತು. ಕಲ್ಲು ಮಾತ್ರ ಹೆಸರು ಮುಚ್ಚಿದ ಹಾಗೆಯೇ ಹಡಗು ಹತ್ತಿತು.

ನವೆಂಬರಿನಲ್ಲಿ ಸತ್ತವರ ದಿನ ಊರಿನ ಇಗರ್ಜಿಯ ಹಿಂದೆ ಡಿಕ್ಸನಿನ ಅಪ್ಪ, ನಮ್ಮ ದೊಡ್ಡಪ್ಪನ ಸಮಾಧಿಗೆ ಮೊಂಬತ್ತಿ ಹಚ್ಚಲು ಅಗಾತಾ ದೊಡ್ಡಮ್ಮ ಹೋದರು. ನಾನೂ ಜೊತೆಗಿದ್ದೆ. ಶಿಲುಬೆ ಉಂಟು. ಹುಟ್ಟಿದ ದಿನ ಉಂಟು, ಸತ್ತ ದಿನ ಉಂಟು. ದೊಡ್ಡಪ್ಪನ ಹೆಸರಿದ್ದ ಜಾಗ... ನುಣ್ಣಗೆ. ಸುಳ್ಳಲ್ಲ, ಈ ಕೈಯಿಂದಲೇ ಸವರಿ ನೋಡಿದ್ದೇನೆ.