ಬೀಳದ ಹುಡುಗಿಯನ್ನು ಬರೆದ ತಿಪ್ಪೇಶಪ್ಪ

ಹೊನ್ನಾಳಿಯ ಹಿರಿಯರೇ, ಮೇಷ್ಟ್ರುಗಳೇ, ಮುಂದೆ ಕೂತಿರುವ ಅಂಜಮ್ಮನವರೇ — ಎಲ್ಲರಿಗೂ ನಮಸ್ಕಾರ. ನಾನು ಮರುಳಪ್ಪ. ಅಂಜಮ್ಮನವರ ಯಜಮಾನರು, ಮೊನ್ನೆ ನಮ್ಮನ್ನು ಅಗಲಿದ ತಿಪ್ಪೇಶಪ್ಪನವರು, ಊರೂರಿಗೆ ಸಿನಿಮಾ ತೋರಿಸುತ್ತಿದ್ದ ವ್ಯಾನಿನ ಡ್ರೈವರ್. ಸ್ಟೇರಿಂಗ್ ಹಿಡಿದ ಕೈಗೆ ಮೈಕು ಅಭ್ಯಾಸವಿಲ್ಲ; ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಎಪ್ಪತ್ತನಾಲ್ಕನೇ ಇಸವಿ. ಸವಳಂಗದ ಹತ್ತಿರ ಒಂದು ಶಾಲೆ. ಹಗಲು ಹೊತ್ತು, ಕಿಟಕಿಗಳಿಗೆ ಕಂಬಳಿ ಕಟ್ಟಿದ್ದೆವು. ಆರೋಗ್ಯದ ಚಿತ್ರ ಮುಗಿದ ಮೇಲೆ ಮಕ್ಕಳ ಖುಷಿಗೆ ಒಂದು ಹೊರದೇಶದ ಕಾರ್ಟೂನ್ ರೀಲು. ಅದರಲ್ಲಿ ಒಬ್ಬ ಕರಿಯ ಆಳು. ಇದ್ದಿಲಿನಂಥ ಮುಖ, ತಟ್ಟೆಯಂಥ ತುಟಿ. ಬೀಳುವುದು, ಒದೆ ತಿನ್ನುವುದು, ಹಲ್ಲು ಕಿರಿಯುವುದು — ಅವನಿಗೆ ಬೇರೆ ಕೆಲಸವೇ ಇಲ್ಲ. ಮಕ್ಕಳು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ — ಸುಳ್ಳು ಹೇಳುವುದಿಲ್ಲ. ಅಷ್ಟರಲ್ಲಿ ಯಾರೋ ಕೂಗಿದರು: "ಏಯ್, ನಮ್ಮ ಭೀಮಕ್ಕ ನೋಡ್ರೋ!"

ಇಡೀ ಕೋಣೆ ಹಿಂದಕ್ಕೆ ತಿರುಗಿತು. ಬಾಗಿಲ ಪಕ್ಕ ಭೀಮಕ್ಕ — ಕೇರಿಯ ಕಪ್ಪು ಹುಡುಗಿ, ಒಂಬತ್ತು ವರ್ಷವಿದ್ದೀತು. ಅಳಲಿಲ್ಲ. ಹೀಗೆ — ಎರಡೂ ತುಟಿಗಳನ್ನು ಒಳಕ್ಕೆ ಮಡಚಿ ಕಚ್ಚಿಕೊಂಡು ಕೂತಳು.

ತಿಪ್ಪೇಶಪ್ಪನವರು ಸಿನಿಮಾ ಮಿಷನ್ ನಿಲ್ಲಿಸಿಬಿಟ್ಟರು. ಸಾಮಾನು ಕಟ್ಟಿ ವ್ಯಾನು ಹತ್ತಿದೆವು. ನ್ಯಾಮತಿ ಹತ್ತಿರ ಬಂದಾಗ ಹೇಳಿದರು: "ಮರುಳಪ್ಪಾ, ಇಷ್ಟು ವರ್ಷ ಎಷ್ಟೊಂದು ರೀಲು ಹಾಕಿದೀನಿ. ನಮ್ಮ ಬಣ್ಣದೋರು ಒಬ್ರಾದ್ರೂ ನೆಟ್ಟಗೆ ನಡ್ಕೊಂಡು ಹೋಗಿದ್ದು ನೋಡಿಯೇನು? ನಗ್ಸಾಕೆ ಮಾತ್ರ ಇರೋದಾ ನಾವು?"

ನಾನು ಗೇರು ಬದಲಿಸಿದೆ.

ಆ ರೀಲನ್ನು ಅವರು ಮತ್ತೆಂದೂ ಹಾಕಲಿಲ್ಲ. ಹಾಳಾದ ಫಿಲ್ಮು ತಂದು, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತೊಳೆದು, ಗಾಜಿನಂತೆ ತಿಳಿ ಮಾಡಿದರು. ಅದರ ಮೇಲೆ ಸಣ್ಣ ನಿಬ್ಬಿನಲ್ಲಿ ಶಾಯಿಯ ಚಿತ್ರ ಬರೆದರು. ಒಂದೊಂದು ಚಿತ್ರವೂ ಉಗುರಿಗಿಂತ ಚಿಕ್ಕದು. ಸುಮಾರು ಸಾವಿರ ಚಿತ್ರ, ಎರಡು ವರ್ಷ. ಅಂಜಮ್ಮನವರೇ, ನೀವೇ ಅಲ್ಲವೇ ಭೂತಗನ್ನಡಿ ಒರೆಸಿ ಒರೆಸಿ ಕೊಟ್ಟವರು?

ಅದೇ ಶಾಲೆಗೆ ಹೋದೆವು. ಗೋಡೆಯ ಮೇಲೆ ನಮ್ಮ ಸೂಳೆಕೆರೆಯ ನೀರು. ಒಬ್ಬಳು ಕಪ್ಪು ಹುಡುಗಿ ತೆಪ್ಪಕ್ಕೆ ಹುಟ್ಟು ಹಾಕಿಕೊಂಡು ಹೋಗುತ್ತಿದ್ದಾಳೆ. ಅಷ್ಟೇ. ಮಕ್ಕಳು ನಗಲು ಕಾಯುತ್ತಿದ್ದರು. ಒಬ್ಬ ಕೇಳಿಯೇಬಿಟ್ಟ: "ಯಾವಾಗ ಬೀಳ್ತಾಳ್ ಸಾ?"

"ಬೀಳಲ್ಲ. ನೋಡ್ತಿರು," ಅಂದರು ತಿಪ್ಪೇಶಪ್ಪನವರು.

ಅವಳು ಬೀಳಲಿಲ್ಲ. ದಡ ಮುಟ್ಟಿ, ಇಳಿದು, ನಮ್ಮ ಕಡೆ ಒಮ್ಮೆ ತಿರುಗಿ ನೋಡಿದಳು. ಬಾಗಿಲ ಕಡೆಯಿಂದ ಒಂದು ದನಿ — ಭೀಮಕ್ಕನದು: "ಇನ್ನೊಂದ್ಸಲ ಹಾಕ್ರಿ."

ಏಳು ಸಲ ಹಾಕಿದರು.

ಆದರೆ ಮಿಷನ್ನಿನಲ್ಲಿ ಓಡಿದಷ್ಟೂ ಆ ಶಾಯಿ ಉದುರುತ್ತಿತ್ತು. ಬೇರೆ ಪ್ರತಿಯೂ ಇರಲಿಲ್ಲ. ನಾನು ಬೈದೆ: "ಎತ್ತಿಡ್ರಿ, ಹಾಳಾಗ್ತೈತೆ." ಅವರು ಅಂದರು: "ಡಬ್ಬಿಯೊಳಗಿದ್ರೆ ಯಾರು ನೋಡ್ತಾರೋ?" ಚನ್ನಗಿರಿ, ಬಸವಾಪಟ್ಟಣ, ಜಗಳೂರು — ಎಲ್ಲ ಕಡೆ ತೋರಿಸಿದರು. ಮೊದಲು ತೆಪ್ಪ ಹೋಯಿತು, ಆಮೇಲೆ ನೀರು. ಎಂಬತ್ತೆರಡರಲ್ಲಿ ಗೋಡೆಯ ಮೇಲೆ ಬರೀ ಬೆಳಕು. ಇವತ್ತು ಅದನ್ನು ಒಂದೇ ಒಂದು ಸಲ ನೋಡಬೇಕೆಂದರೆ — ಎಲ್ಲಿಗೆ ಹೋಗಲಿ, ಹೇಳಿ? ಭೀಮಕ್ಕನನ್ನಾದರೂ ಕೇಳೋಣವೆಂದರೆ, ಅವಳ ಮನೆಯವರು ಕೂಲಿ ಹುಡುಕಿಕೊಂಡು ಊರು ಬಿಟ್ಟಿದ್ದರು. ಎಲ್ಲಿದ್ದಾಳೋ ಗೊತ್ತಿಲ್ಲ.

ಹೋದ ತಿಂಗಳು ತಿಪ್ಪೇಶಪ್ಪನವರನ್ನು ನೋಡಲು ಆಸ್ಪತ್ರೆಗೆ ಹೋಗಿದ್ದೆ. ಅವರ ಕಣ್ಣು ಪೂರ್ತಿ ಮಂಜಾಗಿತ್ತು. ಹೊದಿಕೆಯ ಮೇಲೆ ಬೆರಳಾಡಿಸುತ್ತಿದ್ದರು — ಹೀಗೆ, ನಿಧಾನವಾಗಿ. "ಏನು ಬರೀತಿದೀರಿ?" ಎಂದೆ.

"ತೆಪ್ಪದಾಗೆ ಒಬ್ಳೇ ಹೋಗ್ತಾಳಲ್ಲೋ, ಮರುಳಪ್ಪಾ. ಜೊತೆಗೊಬ್ಳು ಗೆಳತಿ ಇರ್ಲಿ ಅಂತ."

ದಯವಿಟ್ಟು ಎಲ್ಲರೂ ಎದ್ದು ನಿಲ್ಲೋಣ. ಅಂಜಮ್ಮನವರೇ, ನೀವು ಕೂತಿರಿ. ನಾವು ನಿಂತಿರುತ್ತೇವೆ — ಮೌನವಾಗಿ.