ಕುತ್ತಿಗೆಗೆ ಹೊಡೆದ ಕೆಂಪು

ಪ್ರೈಮರ್ ಇನ್ನೂರ ನಲವತ್ತು, ಕೆಂಪು ಸ್ಪ್ರೇ ಮುನ್ನೂರು ಎಂದು ಪೇಂಟ್ ಅಂಗಡಿಯವನು ಹೇಳಿದಾಗ, ಹಿಂದೆ ನಿಂತಿದ್ದ ಬಡಗಿ ಇವರ ಮನೆಯಲ್ಲಿ ಹಳೇ ಕಬ್ಬಿಣದ ಬೀರು ಇರಬೇಕೆಂದುಕೊಂಡ. ಆದರೆ ಮುಂದಿದ್ದ ಅಕ್ಕ ತಮ್ಮಂದಿರಲ್ಲಿ ತಮ್ಮನು ಚೀಲದಿಂದ ತೆಗೆದದ್ದು ಮೊಳದುದ್ದದ ರಟ್ಟಿನ ರಾಕೆಟ್ಟು.

“ಮೂರು ಕೋಟು ಪ್ರೈಮರ್ ಅಕ್ಕಾ, ಪ್ರತಿ ಸಲ ಉಜ್ಜಿದೀನಿ. ಇನ್ನೊಂದು ಸಲ ಪ್ರೈಮರ್, ಮೇಲೆ ಕೆಂಪು ಬಿದ್ರೆ ಮುಗೀತು.”

“ಮದುವೆಗಂಡಿನ ಹಾಗಿದೆ. ಮೂತಿ ಬಿಚ್ಚು, ನೋಡೋಣ.”

“ಈಗ್ಯಾಕೆ?”

“ಪ್ಯಾರಾಚೂಟ್ ಅಲ್ಲಿಂದಲೇ ಬರಬೇಕಲ್ವಾ? ಹೋದ್ಸಲ ಬರಲಿಲ್ಲ, ನೆಲಕ್ಕೆ ಗುದ್ದಿ ಚೂರಾಯ್ತು.”

ತಮ್ಮ ಎಳೆದ, ತಿರುಚಿದ. ಮೂತಿ ಜಗ್ಗಲಿಲ್ಲ.

“ಮೂತಿದು ಕೊಳವೆ ಒಳಗೆ ಕೂರೋ ಕುತ್ತಿಗೆಗೂ ಬಣ್ಣ ಹೊಡೆದ್ಯಾ?”

“ಬೋಳುಬೋಳಾಗಿ ಕಾಣ್ತಿತ್ತು.”

“ಒಳಗಿರೋದನ್ನ ಯಾರು ನೋಡ್ತಾರೋ ಕೋತಿ? ಬೆಳಗ್ಗೆ ಹಾರಿಸಬೇಕು.”

ಅಕ್ಕ ಕೊಳವೆ ಹಿಡಿದಳು, ತಮ್ಮ ಬಲವಾಗಿ ಎಳೆದ. ಮೂತಿ ಟಪ್ಪೆಂದು ಬಂತು. ಬಡಗಿ ಜೇಬಿನಿಂದ ಸ್ಯಾಂಡ್‌ಪೇಪರ್ ತುಂಡು ಕೊಟ್ಟ.

“ಉಪಕಾರವಾಯ್ತಣ್ಣ,” ಎಂದಳು ಅಕ್ಕ. ತಮ್ಮನು ಅದರಿಂದ ಕುತ್ತಿಗೆಯ ಬಣ್ಣವನ್ನೆಲ್ಲ ಉಜ್ಜಿ, ಮೂತಿಯನ್ನು ಎರಡು ಸಲ ಹಾಕಿ ತೆಗೆದ. ಸಲೀಸಾಗಿ ಬಂತು.

“ಇನ್ನೊಂದು ಕೋಟು?”

“ಮುಚ್ಕೊಂಡು ನಡಿ.”

ಡಬ್ಬಿಗಳನ್ನು ಅಲ್ಲೇ ಬಿಟ್ಟು ನಗುತ್ತಾ ಹೊರಟರು. ಅಂಗಡಿಯವನಿಗೆ ಐನೂರ ನಲವತ್ತರ ವ್ಯಾಪಾರ ಹೋಯಿತು, ತಮ್ಮನಿಗೆ ಹೆಬ್ಬೆರಳಗಲದ ಕೆಂಪು ಹೋಯಿತು. ಪ್ಯಾರಾಚೂಟಿಗೆ ದಾರಿಯಾಯಿತು.