ಎಡಗಡೆಯ ಬಿಳಿ ಪಟ್ಟಿ

ಎಕ್ಸ್‌ರೇ ಕೋಣೆಯ ಹೊರಗೆ ಬೆಂಚಿನ ಮೇಲೆ ಅಮ್ಮ ಮಗಳಿಗೆ ಒರಗಿ ತೂಕಡಿಸುತ್ತಿದ್ದಳು. ಮಗಳ ಕೈಯಲ್ಲಿ ನಿನ್ನೆ ತೆಗೆದ ಅಮ್ಮನ ಎದೆಯ ಚಿತ್ರವಿತ್ತು. ಅದರ ಎಡ ಅಂಚಿನಲ್ಲಿ ಮೇಲಿಂದ ಕೆಳಗಿನವರೆಗೆ ಒಂದು ಬಿಳಿ ಪಟ್ಟಿ. ಅದೇನೆಂದು ಯಾರೂ ಹೇಳಿರಲಿಲ್ಲ, ಮತ್ತೆ ತೆಗೆಯಬೇಕು ಎಂದಷ್ಟೇ ಅಂದಿದ್ದರು. ಕಿಟಕಿಯ ಬಿಸಿಲು ನೆಲದ ಮೇಲೆ ನೀರಿನಂತೆ ಹರಡಿತ್ತು. ಎದುರು ಬೆಂಚಿನಲ್ಲಿ ಯಂತ್ರ ನೋಡಲು ಬಂದವರಿಬ್ಬರು, ಲ್ಯಾಪ್‌ಟಾಪ್ ಹಿಡಿದ ಹೆಂಗಸು ಮತ್ತು ನರೆಗೂದಲಿನ ಅವಳ ಮೇಲಧಿಕಾರಿ, ಮೆಲ್ಲಗೆ ಮಾತಾಡುತ್ತಿದ್ದರು.

“ಸಿಕ್ತು ಸರ್. ಈ ಯಂತ್ರ ಚಿತ್ರವನ್ನ ಮೆಮೊರಿ ಪುಟದ ಶುರುವಿನಲ್ಲಿ ಇಡ್ತಿಲ್ಲ. ಅರವತ್ನಾಲ್ಕು ಚುಕ್ಕಿ ಜಾಗ ಬಿಟ್ಟು ಇಡ್ತಿದೆ.”

“ಅದನ್ನ ಓದೋ ನಮ್ಮ ಡ್ರೈವರ್ ಪ್ರೋಗ್ರಾಂ?”

“ಪುಟದ ಶುರುವಿನಿಂದಲೇ ಓದ್ತಿದೆ.”

“ಆಫೀಸಿನಲ್ಲಿ ಪರೀಕ್ಷೆ ಮಾಡಿದಾಗ ಸರಿಯಾಗಿತ್ತಲ್ಲ.”

“ಅಲ್ಲಿನ ಯಂತ್ರ ಜಾಗ ಬಿಡ್ತಿರಲಿಲ್ಲ. ಅದನ್ನ ನಂಬಿಕೊಂಡು ಡ್ರೈವರ್ ಬರೆದವರು ನೀವು.”

“ಚುಚ್ಚಬೇಡ. ನಿನ್ನೆಯ ಚಿತ್ರದಲ್ಲಿ ಬಿಳಿ ಪಟ್ಟಿ ಬಂತಲ್ಲ, ಅದು?”

ಮಗಳು ಕೈಯಲ್ಲಿದ್ದ ಚಿತ್ರದ ಪಟ್ಟಿಯನ್ನು ನೋಡಿದಳು.

“ಕಾಯಿಲೆಯಲ್ಲ ಸರ್. ಪ್ರತಿ ಸಾಲೂ ಬಲಕ್ಕೆ ಜರುಗಿದೆ. ಬಲಗಡೆ ಜಾಗ ಸಾಲದೆ ಭುಜ, ತೋಳಿನ ಅಂಚು ಮುಂದಿನ ಸಾಲಿನ ಎಡಕ್ಕೆ ಹೋಗಿ ಕೂತಿದೆ.”

“ಅವರದೇ ಭುಜ ಅನ್ನು.”

“ಅವರದೇ.”

“ಏಳು, ಮೊದಲು ಡಾಕ್ಟರಿಗೆ ಹೇಳೋಣ. ಪಾಪ, ಮನೆಯವರು ಎಷ್ಟು ಹೆದರಿದ್ದಾರೋ.”

ಇಬ್ಬರೂ ಎದ್ದು ಒಳಗೆ ಹೋದರು. ಮಗಳು ಅಮ್ಮನಿಗೆ ಎಚ್ಚರವಾಗದಂತೆ ಚಿತ್ರವನ್ನು ನಿಧಾನವಾಗಿ ಬಾಗಿಸಿದಳು. ಎಡದ ಅಂಚು ಬಂದು ಬಲದ ಅಂಚಿಗೆ ತಾಗಿತು. ಅಮ್ಮನ ಭುಜ ತನ್ನ ಜಾಗಕ್ಕೆ ಬಂದು ಕೂಡಿಕೊಂಡಿತು.